ವಿಪಿಎಸ್4: ಯೀಸ್ಟಿನ ಒಂದು ವಿಂಗಡಣಾ ಪ್ರೋಟೀನಿನ ರಚನೆ

ರೊಟ್ಟಿಯ ಹಿಟ್ಟನ್ನು ಉಬ್ಬಿಸುವುದಕ್ಕೂ ಮದ್ಯವನ್ನು ಹುದುಗಿಸುವುದಕ್ಕೂ ಬಹು ಪ್ರಾಚೀನ ಕಾಲದಿಂದ ಬಳಕೆಯಲ್ಲಿರುವ, ಸ್ಯಾಕರೊಮೈಸಿಸ್ ಸೆರೆವಿಸಿಯೆ ಎಂಬ ಶಾಸ್ತ್ರೀಯ ನಾಮವುಳ್ಳ ಯೀಸ್ಟಿನ ಜೀವಕೋಶದಲ್ಲಿ ಪೊರೆಗಳ ನಡುವಣ ಸಾಗಣೆಗೂ ವಿಂಗಡಣೆಗೂ ಆವಶ್ಯಕವಾದ ಪ್ರೋಟೀನುಗಳಲ್ಲಿ ವಿಪಿಎಸ್4 ಒಂದು. ಇದರ ಸರಪಣಿಯಲ್ಲಿ 437 ಅಮೈನೋ ಆಮ್ಲಗಳಿವೆ. ಅಣುತೂಕ ಸುಮಾರು 48,000 ಡಾಲ್ಟನ್. ಇದನ್ನು ನಿರ್ದೇಶಿಸುವ ಜೀನು ಯೀಸ್ಟಿನ 16 ವರ್ಣತಂತುಗಳಲ್ಲಿ ಕೊನೆಯದರ ಬಲಬಾಹುವಿನಲ್ಲಿದೆ. ಎಟಿಪಿ ಎಂಬ ಶಕ್ತಿದಾಯಕ ಅಣುವನ್ನು ಒಡೆದು, ಅದರಿಂದ ಬಿಡುಗಡೆಯಾಗುವ ಶಕ್ತಿಯನ್ನು ವಿನಿಯೋಗಿಸಿ, ಪೊರೆಯ ಮೇಲೆ ಒಂದಕ್ಕೊಂದು ಹೆಣೆದುಕೊಂಡ ಬೇರೆ ಪ್ರೋಟೀನುಗಳನ್ನು ಬಿಡಿಬಿಡಿಯಾಗಿ ಕಳಚುವುದು ಇದರ ಕಾರ್ಯ. ಆರು ಪ್ರತಿಗಳು ಕೂಡಿದಾಗ ಮಾತ್ರ ಇದು ಕ್ರಿಯಾಶೀಲವಾಗುತ್ತದೆ. ಆ ಷಟ್ಕವಾದರೋ, ಬಹುಕಾಲ ಊಹಿಸಿದ್ದಂತೆ ಸಮಪಾರ್ಶ್ವವಾದ ಉಂಗುರವಾಗಿರದೆ, ಐದು ಘಟಕಗಳು ಮೆಟ್ಟಿಲುಮೆಟ್ಟಿಲಾಗಿ ಏರಿದ, ಆರನೆಯದು ಸಾಲಿನಿಂದ ಹೊರಬಿದ್ದ ಒಂದು ಸುರುಳಿಯೆಂದು 2017ರಲ್ಲಿ ತಿಳಿದುಬಂದಿತು. ಈ ಪ್ರೋಟೀನಿನ ಅಧ್ಯಯನದಿಂದ ಲಭಿಸಿದ ಅತಿಮುಖ್ಯವಾದ ಅರಿವು ಇದೇ: ಇದರ ಆಕಾರದಲ್ಲಿರುವ ಅಸಮತೆಯು ದೋಷವೂ ಅಲ್ಲ, ಆಕಸ್ಮಿಕವೂ ಅಲ್ಲ, ಆ ಅಸಮತೆಯಿಂದಲೇ ಇದು ಕೆಲಸ ಮಾಡುತ್ತದೆ.

ಯೀಸ್ಟಿನ ಕೋಶವು ಕೆಲವೇ ಮೈಕ್ರಾನುಗಳಷ್ಟು ಅಗಲವಾದುದಾದರೂ, ಅದರೊಳಗೆ ಪೊರೆಗಳಿಂದ ಆವೃತವಾದ ಅನೇಕ ಕೋಣೆಗಳಿವೆ. ಒಂದೊಂದು ಕೋಣೆಗೂ ತನ್ನದೇ ಆದ ಪ್ರೋಟೀನುಗಳ ಸಮುದಾಯವಿದೆ. ಇವುಗಳಲ್ಲಿ ಅತಿ ದೊಡ್ಡದು ರಸದಾನಿ. ಪ್ರಾಣಿಕೋಶಗಳಲ್ಲಿ ಲೈಸೋಸೋಮುಗಳು ನಡೆಸುವ ಜೀರ್ಣಕಾರ್ಯವನ್ನು ಯೀಸ್ಟಿನಲ್ಲಿ ನಡೆಸತಕ್ಕದ್ದು ಇದೇ. ಸವೆದ ಪ್ರೋಟೀನುಗಳು ಇಲ್ಲಿ ಕಿಣ್ವಗಳ ಪಾಲಾಗಿ ಅಮೈನೋ ಆಮ್ಲಗಳಾಗಿ ಒಡೆಯುತ್ತವೆ. ಇಂಥ ಕಿಣ್ವಗಳಲ್ಲಿ ಕಾರ್ಬಾಕ್ಸಿಪೆಪ್ಟಿಡೇಸ್ ವೈ ಎಂಬುದು ಸಂಶೋಧಕರಿಗೆ ಅತ್ಯಂತ ಉಪಕಾರಿಯಾಗಿ ಪರಿಣಮಿಸಿತು. ಅದು ಎಂಡೋಪ್ಲಾಸ್ಮಿಕ್ ಜಾಲದಲ್ಲಿ ಜನಿಸಿ, ಗಾಲ್ಗಿ ಸಂಕೀರ್ಣದವರೆಗೆ ಕೋಶದಿಂದ ಹೊರಹೋಗುವ ಪ್ರೋಟೀನುಗಳೊಡನೆಯೇ ಸಾಗಿ, ಅಲ್ಲಿ ಅವುಗಳಿಂದ ಬೇರ್ಪಟ್ಟು ರಸದಾನಿಯ ಕಡೆಗೆ ತಿರುಗುತ್ತದೆ. ಹೀಗೆ ಬೇರ್ಪಡುವುದಕ್ಕೆ ಕಾರಣ ಅದರ ಆದಿಭಾಗದಲ್ಲಿ ಒಂದರ ಪಕ್ಕದಲ್ಲೊಂದು ಇರುವ ನಾಲ್ಕು ಅಮೈನೋ ಆಮ್ಲಗಳು: ಗ್ಲುಟಮೀನ್, ಆರ್ಜಿನೀನ್, ಪ್ರೋಲೀನ್, ಲ್ಯೂಸೀನ್. ವಿಪಿಎಸ್10 ಎಂಬ ಗ್ರಾಹಕ ಪ್ರೋಟೀನು ಈ ಗುರುತನ್ನು ಹಿಡಿದು, ಕಿಣ್ವವನ್ನು ಎಂಡೋಸೋಮ್ ಎಂಬ ನಡುವಣ ಕೋಣೆಗೆ ತಲುಪಿಸಿ, ತಾನು ಬರಿದಾಗಿ ಗಾಲ್ಗಿಗೆ ಮರಳುತ್ತದೆ. ಎಂಡೋಸೋಮು ರಸದಾನಿಯೊಡನೆ ಬೆರೆತಾಗ ಕಿಣ್ವವು ತನ್ನ ನೆಲೆಯನ್ನು ಸೇರುತ್ತದೆ.

ಈ ಮಾರ್ಗದಲ್ಲಿ ಎಲ್ಲಿಯಾದರೂ ಒಂದು ಕಡೆ ಅಡಚಣೆಯುಂಟಾದರೆ ಕಿಣ್ವವು ರಸದಾನಿಯನ್ನು ಸೇರದೆ ಕೋಶದಿಂದ ಹೊರಗೆ ಸ್ರವಿಸಿಹೋಗುತ್ತದೆ. ಈ ಸರಳವಾದ ಲಕ್ಷಣವನ್ನೇ ಆಧಾರವಾಗಿಟ್ಟುಕೊಂಡು ಅಮೆರಿಕದ ಎರಡು ಪ್ರಯೋಗಶಾಲೆಗಳು, ಕ್ಯಾಲಿಫೋರ್ನಿಯದಲ್ಲಿ ಸ್ಕಾಟ್ ಎಮ್ರ್ ಅವರದೂ ಆರೆಗಾನ್‌ನಲ್ಲಿ ಟಾಮ್ ಸ್ಟೀವನ್ಸ್ ಅವರದೂ, ವಿಂಗಡಣೆಯಲ್ಲಿ ತಪ್ಪುವ ಯೀಸ್ಟಿನ ತಳಿಗಳನ್ನು ಹುಡುಕಿ 1986ರಲ್ಲಿ ಪ್ರತ್ಯೇಕವಾಗಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದವು. ಎಮ್ರ್ ಅವರು ಅದಕ್ಕೆ ಮುನ್ನ ಬರ್ಕ್‌ಲಿಯಲ್ಲಿ ರ‍್ಯಾಂಡಿ ಷೆಕ್‌ಮನ್ ಅವರಲ್ಲಿ ಕೆಲಸ ಮಾಡಿದ್ದವರು. ಷೆಕ್‌ಮನ್ ಅವರು ಸ್ರಾವಮಾರ್ಗದ ಜೀನುಗಳನ್ನು ಯೀಸ್ಟಿನಲ್ಲಿ ಉತ್ಪರಿವರ್ತನೆಗಳ ಮೂಲಕ ಒಂದೊಂದಾಗಿ ಬಯಲಿಗೆಳೆದು, 2013ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವರು. ಗುರುವು ಹೊರಹೋಗುವ ದಾರಿಗೆ ಅನ್ವಯಿಸಿದ ಉಪಾಯವನ್ನು ಶಿಷ್ಯರು ಒಳದಾರಿಗೆ ಅನ್ವಯಿಸಿದರೆಂದು ಹೇಳಬಹುದು. ಎರಡು ಪ್ರಯೋಗಶಾಲೆಗಳ ತಳಿಗಳನ್ನು ಒಂದರೊಡನೊಂದು ಸಂಕರಿಸಿ ನೋಡಲಾಗಿ, ನಲವತ್ತಕ್ಕೂ ಮಿಕ್ಕ ಜೀನುಗಳು ಈ ಮಾರ್ಗದಲ್ಲಿ ಪಾಲ್ಗೊಳ್ಳುವುದು ವಿದಿತವಾಯಿತು. ರಸದಾನಿಯ ವಿಂಗಡಣೆಗೆ ಸಂಬಂಧಪಟ್ಟವೆಂಬ ಅರ್ಥದಲ್ಲಿ ಇವೆಲ್ಲಕ್ಕೂ ವಿಪಿಎಸ್ ಎಂಬ ಸಮಾನ ಸಂಕೇತವಿದೆ. ಎದುರಿನ ಅಂಕಿಯು ಪ್ರತಿಯೊಂದನ್ನೂ ಬೇರೆಯಾಗಿ ಸೂಚಿಸುತ್ತದೆ.

ಈ ತಳಿಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ, ರಸದಾನಿಯ ಸ್ವರೂಪವನ್ನು ಅನುಸರಿಸಿ ಅವುಗಳನ್ನು ಎ ಮೊದಲ್ಗೊಂಡು ಎಫ್‌ವರೆಗೆ ಆರು ವರ್ಗಗಳಾಗಿ ವಿಭಾಗಿಸುವುದು ಸಾಧ್ಯವಾಯಿತು. ವಿಪಿಎಸ್4 ಸೇರಿರುವುದು ಇ ವರ್ಗಕ್ಕೆ. ಈ ವರ್ಗದ ತಳಿಗಳಲ್ಲಿ ರಸದಾನಿ ಇದ್ದೇ ಇರುತ್ತದೆ, ಆದರೆ ಅದರ ಪಕ್ಕದಲ್ಲಿ ಸಹಜ ಕೋಶದಲ್ಲಿ ಕಾಣದ ಒಂದು ರಾಶಿ ಕಾಣಿಸುತ್ತದೆ: ಚಪ್ಪಟೆಯಾದ ಪೊರೆಗಳು ಒಂದರ ಮೇಲೊಂದು ಒಟ್ಟಿಕೊಂಡು, ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಮರಳಲಾರದೆ ಅಲ್ಲಿಯೇ ನಿಂತಿರುತ್ತವೆ. ಈ ರಾಶಿಯು ಬೇರೇನೂ ಅಲ್ಲ, ಬೆಳೆದು ವಿಕಾರಗೊಂಡ ಎಂಡೋಸೋಮೇ. ಗಾಲ್ಗಿಗೆ ಮರಳಬೇಕಾದ ವಿಪಿಎಸ್10 ಸಹ ಇದರಲ್ಲಿ ಸಿಕ್ಕಿಬಿದ್ದಿರುತ್ತದೆ. 1997ರಲ್ಲಿ ಮಾರ್ಕುಸ್ ಬಾಬ್ಸ್ಟ್ ಅವರೂ ಎಮ್ರ್ ಅವರೂ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಲೇಖನವು ವಿಪಿಎಸ್4 ಎಂಬುದು ಎಎಎ ಕುಲಕ್ಕೆ ಸೇರಿದ ಎಟಿಪಿ-ಭೇದಕ ಕಿಣ್ವವೆಂಬುದನ್ನು ಸ್ಥಾಪಿಸಿತು. ನಾನಾ ಬಗೆಯ ಕೋಶಕಾರ್ಯಗಳಲ್ಲಿ ತೊಡಗಿದ ಎಟಿಪಿ-ಭೇದಕಗಳ ಈ ದೊಡ್ಡ ಕುಲವನ್ನು 1991ರಲ್ಲಿಯೇ ಗುರುತಿಸಲಾಗಿತ್ತು. ಕುಲವು ಗೊತ್ತಾದೊಡನೆ ಕೆಲಸದ ಸ್ವರೂಪವೂ ಅರ್ಧ ಗೊತ್ತಾದಂತಾಯಿತು. ಏಕೆಂದರೆ ಈ ಕುಲದ ಕಿಣ್ವಗಳು ಸಾಮಾನ್ಯವಾಗಿ ಷಟ್ಕಗಳಾಗಿ ಕೂಡಿ, ಇತರ ಪ್ರೋಟೀನುಗಳನ್ನು ಹಿಡಿದೆಳೆದು ಬಿಚ್ಚತಕ್ಕವು.

ಹಾಗಾದರೆ ವಿಪಿಎಸ್4 ಬಿಚ್ಚುವುದು ಯಾವುದನ್ನು? ಇದನ್ನು ಅರಿಯಬೇಕಾದರೆ ಎಂಡೋಸೋಮಿನಲ್ಲಿ ನಡೆಯುವ ಒಂದು ವಿಲಕ್ಷಣ ವ್ಯಾಪಾರವನ್ನು ವಿವರಿಸಬೇಕು. ಕೋಶದ ಹೊರಪೊರೆಯಲ್ಲಿ ನೆಟ್ಟಿರುವ ಗ್ರಾಹಕಗಳೂ ಪೋಷಕಾಂಶಗಳ ವಾಹಕಗಳೂ ತಮ್ಮ ಉಪಯೋಗ ಮುಗಿದ ಮೇಲೆ ನಾಶವಾಗಬೇಕಷ್ಟೆ. ಅವು ಪೊರೆಯಲ್ಲಿಯೇ ಉಳಿದರೆ ರಸದಾನಿಯ ಪೊರೆಯನ್ನು ಸೇರುತ್ತವೆಯೇ ಹೊರತು, ಅದರ ಒಳಗಣ ಕಿಣ್ವಗಳಿಗೆ ಪೂರ್ಣವಾಗಿ ಸಿಕ್ಕುವುದಿಲ್ಲ. ಆದಕಾರಣ ಎಂಡೋಸೋಮಿನ ಪೊರೆಯೇ, ಅಂಥ ಪ್ರೋಟೀನುಗಳನ್ನು ಹೊತ್ತ ಭಾಗದಲ್ಲಿ, ಒಳಮುಖವಾಗಿ ಕುಸಿದು, ಕುತ್ತಿಗೆ ಕಿರಿದಾಗಿ ಕತ್ತರಿಸಲ್ಪಟ್ಟು, 25ರಿಂದ 30 ನ್ಯಾನೋಮೀಟರ್ ಆಸುಪಾಸಿನ ವ್ಯಾಸವುಳ್ಳ ಕಿರುಚೀಲಗಳಾಗಿ ಒಳಗೆ ಬೀಳುತ್ತದೆ. ಮುಂದೆ ಈ ಚೀಲಗಳು ಸಮಗ್ರವಾಗಿ ರಸದಾನಿಯ ಒಳಗೆ ಸೇರಿ ಜೀರ್ಣವಾಗುತ್ತವೆ. ಕೋಶದ ಬೇರೆ ಕಡೆಗಳಲ್ಲಿ ಚೀಲಗಳು ಕೋಶದ್ರವ್ಯದ ಕಡೆಗೆ ಮೊಳೆಯುವಾಗ ಅವುಗಳ ಹೊರಮೈಯನ್ನು ಪ್ರೋಟೀನುಗಳು ಕವಚವಾಗಿ ಆವರಿಸಿ ರೂಪಿಸುತ್ತವೆ. ಇಲ್ಲಿಯಾದರೋ ಮೊಳೆಯುವ ದಿಕ್ಕು ಕೋಶದ್ರವ್ಯಕ್ಕೆ ವಿಮುಖವಾಗಿರುವುದರಿಂದ ಪ್ರೋಟೀನುಗಳು ಚೀಲವನ್ನು ಹೊರಗಿನಿಂದ ಸುತ್ತುವುದಕ್ಕೆ ಅವಕಾಶವೇ ಇಲ್ಲ. ಅವು ಕುತ್ತಿಗೆಯ ಒಳಗಿನಿಂದಲೇ ಅದನ್ನು ಸಂಕುಚಿತಗೊಳಿಸಬೇಕು. ಈ ಕಠಿನವಾದ ಕಾರ್ಯಕ್ಕೆ ಪ್ರಕೃತಿಯು ನಿಯೋಜಿಸಿರುವ ಪ್ರೋಟೀನು ಸಮೂಹವೇ ಎಸ್ಕರ್ಟ್.

2001 ಮತ್ತು 2002ರಲ್ಲಿ ಎಮ್ರ್ ಅವರ ಪ್ರಯೋಗಶಾಲೆಯಿಂದ ಹೊರಬಂದ ಲೇಖನಗಳು ಈ ಸಮೂಹವನ್ನು ಪರಿಚಯಿಸಿದವು. ಮೊದಲ ತಂಡಗಳು ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನಿನ ಗುರುತು ಹೊತ್ತ ಸರಕನ್ನು ಆಯ್ದು ಒಂದೆಡೆ ಕೂಡಿಸುತ್ತವೆ. ಕೊನೆಯ ತಂಡವಾದ ಎಸ್ಕರ್ಟ್-3 ಎಂಬುದು ವಿಪಿಎಸ್20, ಎಸ್‌ಎನ್‌ಎಫ್7, ವಿಪಿಎಸ್24, ವಿಪಿಎಸ್2 ಎಂಬ ನಾಲ್ಕು ಮುಖ್ಯ ಪ್ರೋಟೀನುಗಳಿಂದಾದದ್ದು. ಕೋಶದ್ರವ್ಯದಲ್ಲಿ ಬಿಡಿಯಾಗಿ ಸಂಚರಿಸುವ ಇವು ಪೊರೆಯನ್ನು ಮುಟ್ಟಿದಾಗ ಒಂದಕ್ಕೊಂದು ಜೋಡಿಸಿಕೊಂಡು ಸುರುಳಿಯಾಕಾರದ ತಂತುಗಳಾಗುತ್ತವೆ. ಈ ತಂತುಗಳನ್ನು ಕಳಚುವುದೇ ವಿಪಿಎಸ್4ರ ಕಾರ್ಯ. ಹಿಂದೆ, ಕೆಲಸ ಮುಗಿದ ಮೇಲೆ ಉಪಕರಣಗಳನ್ನು ಮರಳಿ ತರುವುದಷ್ಟೇ ಇದರ ಪಾತ್ರವೆಂದು ಭಾವಿಸಲಾಗಿತ್ತು. ಈಗ ಆ ಅಭಿಪ್ರಾಯ ನಿಲ್ಲದು. ಪೊರೆಯ ಮೇಲೆ ತಂತುವು ಬೆಳೆಯುತ್ತಿರುವಾಗಲೇ ವಿಪಿಎಸ್4 ಅದರಿಂದ ಕೆಲವು ಘಟಕಗಳನ್ನು ಕಿತ್ತು ಬೇರೆ ಘಟಕಗಳಿಗೆ ಎಡೆಮಾಡಿಕೊಡುತ್ತದೆಂದೂ, ಹೀಗೆ ತಂತುವಿನ ರಚನೆ ಕ್ರಮಕ್ರಮವಾಗಿ ಮಾರ್ಪಡುವುದರಿಂದಲೇ ಕುತ್ತಿಗೆಯು ಕಿರಿದಾಗಿ ಕತ್ತರಿಸಲ್ಪಡುತ್ತದೆಂದೂ ಕಳೆದ ದಶಕದ ಪ್ರಯೋಗಗಳು ತೋರಿಸಿವೆ. ಎಸ್ಕರ್ಟ್ ಸಮೂಹದಲ್ಲಿ ಎಟಿಪಿಯನ್ನು ವ್ಯಯಿಸುವ ಯಂತ್ರ ಇದೊಂದೇ ಆದುದರಿಂದ, ಇಡೀ ವ್ಯಾಪಾರಕ್ಕೆ ಬೇಕಾದ ಶಕ್ತಿಯು ಇದರ ಮೂಲಕವೇ ಹರಿಯುತ್ತದೆ.

ಈ ತಿಳಿವಳಿಕೆಗೆ ದಾರಿಮಾಡಿಕೊಟ್ಟದ್ದು ಕೇವಲ ಎರಡು ಅಮೈನೋ ಆಮ್ಲಗಳ ಬದಲಾವಣೆ. 179ನೆಯ ಸ್ಥಾನದ ಲೈಸೀನು ಎಟಿಪಿಯ ಫಾಸ್ಫೇಟುಗಳನ್ನು ಹಿಡಿದುಕೊಳ್ಳುತ್ತದೆ. ಅದನ್ನು ಅಲನೀನಾಗಿ ಮಾರ್ಪಡಿಸಿದರೆ ಪ್ರೋಟೀನು ಎಟಿಪಿಯನ್ನು ಹಿಡಿಯಲಾರದು. 233ನೆಯ ಸ್ಥಾನದ ಗ್ಲುಟಾಮಿಕ್ ಆಮ್ಲವು ನೀರಿನ ಅಣುವನ್ನು ಸಜ್ಜುಗೊಳಿಸಿ ಜಲವಿಭಜನೆಯನ್ನು ನೆರವೇರಿಸುತ್ತದೆ. ಅದನ್ನು ಗ್ಲುಟಮೀನಾಗಿ ಮಾರ್ಪಡಿಸಿದರೆ ಪ್ರೋಟೀನು ಎಟಿಪಿಯನ್ನು ಹಿಡಿಯುತ್ತದೆ, ಒಡೆಯಲಾರದು. ಎರಡನೆಯ ತಳಿಯಲ್ಲಿ, ಸಾಧಾರಣವಾಗಿ ಕೋಶದ್ರವ್ಯದಲ್ಲಿ ಚದುರಿರಬೇಕಾದ ವಿಪಿಎಸ್4 ಎಂಡೋಸೋಮಿನ ಮೇಲೆ ಬಂದು ಅಂಟಿಕೊಂಡು ಅಲ್ಲಿಂದ ಕದಲುವುದಿಲ್ಲವೆಂಬುದನ್ನೂ, ಕಿಣ್ವವು ಕೆಟ್ಟ ಕೋಶಗಳಲ್ಲಿ ಎಸ್ಕರ್ಟ್-3ರ ಪ್ರೋಟೀನುಗಳೂ ಪೊರೆಯ ಮೇಲೆಯೇ ಶೇಖರವಾಗುವುವೆಂಬುದನ್ನೂ 1998ರ ವೇಳೆಗೆ ಬಾಬ್ಸ್ಟ್ ಮೊದಲಾದವರು ತೋರಿಸಿಕೊಟ್ಟರು. ಎಟಿಪಿ ಕೂಡಿದಾಗ ಜೋಡಣೆ ಮತ್ತು ಹಿಡಿತ, ಎಟಿಪಿ ಒಡೆದಾಗ ಎಳೆತ ಮತ್ತು ಬಿಡುಗಡೆ ಎಂಬ ಚಕ್ರದ ಸ್ಥೂಲರೂಪವು ಹೀಗೆ ಯಾವ ಪರಮಾಣು ಚಿತ್ರವೂ ಇಲ್ಲದ ಕಾಲದಲ್ಲಿ ಲಭ್ಯವಾಯಿತು. ರಚನಾವಿಜ್ಞಾನದ ಭವ್ಯವಾದ ಚಿತ್ರಗಳನ್ನು ಮೆಚ್ಚುವಾಗ ಈ ಹಳೆಯ ಪ್ರಯೋಗಗಳನ್ನು ಮರೆಯಲಾಗದು. ಇವುಗಳ ಆಧಾರವಿಲ್ಲದೆ ಮುಂದಣ ಚಿತ್ರಗಳನ್ನು ಓದುವ ಬಗೆಯೇ ತಿಳಿಯುತ್ತಿರಲಿಲ್ಲ.

ಪ್ರೋಟೀನಿನ ಸರಪಣಿಯನ್ನು ಮೊದಲಿನಿಂದ ಅನುಸರಿಸಿದರೆ, ಎದುರಾಗುವ ಮೊದಲನೆಯ ಖಂಡಕ್ಕೆ ಎಂಐಟಿ ಎಂದು ಹೆಸರು. ಸುಮಾರು ಎಂಬತ್ತು ಅಮೈನೋ ಆಮ್ಲಗಳ ಈ ಖಂಡವು ಪರಸ್ಪರ ಒತ್ತಿಕೊಂಡ ಮೂರು ಆಲ್ಫಾ ಸುರುಳಿಗಳಿಂದ ಆಗಿದೆ. ಎಸ್ಕರ್ಟ್-3ರ ಪ್ರೋಟೀನುಗಳನ್ನು ಗುರುತು ಹಿಡಿಯುವ ಹೊಣೆ ಇದರದು. 2007ರಲ್ಲಿ ಕೇಂಬ್ರಿಜ್‌ನ ರಾಜರ್ ವಿಲಿಯಮ್ಸ್ ಅವರ ತಂಡವೂ, ಅಮೆರಿಕದ ಯೂಟ ವಿಶ್ವವಿದ್ಯಾನಿಲಯದ ವೆಸ್ಲಿ ಸಂಡ್‌ಕ್ವಿಸ್ಟ್ ಅವರ ತಂಡವೂ ಈ ಗುರುತಿನ ಸ್ವರೂಪವನ್ನು ಏಕಕಾಲದಲ್ಲಿ ಹೊರಗೆಡಹಿದವು. ವಿಪಿಎಸ್2 ಮೊದಲಾದ ಪ್ರೋಟೀನುಗಳ ಬಾಲದ ತುದಿಯಲ್ಲಿ ಲ್ಯೂಸೀನುಗಳುಳ್ಳ ಒಂದು ಚಿಕ್ಕ ಸುರುಳಿಯಿದ್ದು, ಅದು ಎಂಐಟಿ ಖಂಡದ ಎರಡನೆಯ ಮತ್ತು ಮೂರನೆಯ ಸುರುಳಿಗಳ ನಡುವಣ ತೋಡಿನಲ್ಲಿ ಹೊಂದಿಕೊಂಡು ಕೂರುತ್ತದೆ. ಅದೇ ಖಂಡದ ಮೊದಲನೆಯ ಮತ್ತು ಮೂರನೆಯ ಸುರುಳಿಗಳ ನಡುವೆ ಇನ್ನೊಂದು ತೋಡಿದ್ದು, ಬೇರೊಂದು ಬಗೆಯ ಬಾಲಕ್ಕೆ ಅದು ಎಡೆಗೊಡುತ್ತದೆಂಬುದು ಮರುವರ್ಷ ಗೊತ್ತಾಯಿತು. ಒಂದೊಂದು ಹಿಡಿತವೂ ದುರ್ಬಲವಾದುದೇ. ಆದರೆ ಪೊರೆಯ ಮೇಲೆ ತಂತುವಾಗಿ ನೆರೆದ ಅನೇಕ ಬಾಲಗಳನ್ನು ಷಟ್ಕದ ಆರು ಖಂಡಗಳು ಒಮ್ಮೆಗೇ ಹಿಡಿದಾಗ ಬಂಧನವು ದೃಢವಾಗುತ್ತದೆ. ಬಿಡಿಯಾಗಿ ತಿರುಗುವ ಪ್ರೋಟೀನನ್ನು ಬಿಟ್ಟು ಜೋಡಣೆಗೊಂಡದ್ದನ್ನೇ ಆಯ್ದುಕೊಳ್ಳುವ ವಿವೇಚನೆ ಈ ಕಿಣ್ವಕ್ಕೆ ಬಂದದ್ದು ಹೀಗೆ.

ಎಂಐಟಿ ಖಂಡದಿಂದ ಮುಂದೆ, ಸ್ಥಿರವಾದ ಆಕಾರವಿಲ್ಲದ, ಅತ್ತಿತ್ತ ಬಾಗಬಲ್ಲ ಒಂದು ಕೊಂಡಿ. ಅದನ್ನು ದಾಟಿದರೆ ಎಟಿಪಿ-ಭೇದಕ ಭಾಗ. ಯೀಸ್ಟಿನ ವಿಪಿಎಸ್4ರ ಈ ಭಾಗದ ಸ್ಫಟಿಕಗಳನ್ನು ಕ್ಷಕಿರಣಗಳಿಂದ ಪರೀಕ್ಷಿಸಿ ಮಿಷಿಗನ್ ವಿಶ್ವವಿದ್ಯಾನಿಲಯದ ಸಂಶೋಧಕರು 2007ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು; ಮಾನವನ ಸಮಾನ ಪ್ರೋಟೀನಿನದು ಅದಕ್ಕೆ ಎರಡು ವರ್ಷ ಮೊದಲೇ ಯೂಟದಿಂದ ಬಂದಿತ್ತು. ಈ ಭಾಗದಲ್ಲಿ ಬೀಟಾ ಎಳೆಗಳ ಹಾಳೆಯೊಂದನ್ನು ಆಲ್ಫಾ ಸುರುಳಿಗಳು ಎರಡು ಕಡೆಯೂ ಆವರಿಸಿದ ದೊಡ್ಡ ಖಂಡವೂ, ಮುಖ್ಯವಾಗಿ ಸುರುಳಿಗಳಿಂದಲೇ ಆದ ಸಣ್ಣ ಖಂಡವೂ ಇದ್ದು, ಅವೆರಡರ ಸಂದಿಯಲ್ಲಿ ಎಟಿಪಿ ಕುಳಿತುಕೊಳ್ಳುತ್ತದೆ. ಸಣ್ಣ ಖಂಡದ ನಡುವೆ, ಹತ್ತಿರದ ಬಂಧುಗಳಲ್ಲಿ ಕಾಣದ ಬೀಟಾ ಖಂಡವೆಂಬ ಒಂದು ಸೇರ್ಪಡೆಯಿದೆ. ಸರಪಣಿಯ ಅಂತ್ಯದಲ್ಲಿ ಬರುವ ಸುರುಳಿಯೊಂದು ತಿರುಗಿ ಬಂದು ದೊಡ್ಡ ಖಂಡಕ್ಕೆ ಆತುಕೊಂಡಿದೆ. ಇಲ್ಲಿ ಲಕ್ಷ್ಯವಿಡಬೇಕಾದ ಅಂಶವೆಂದರೆ, ಎಟಿಪಿಯ ಪೀಠವು ಒಂದೇ ಘಟಕದಲ್ಲಿ ಪೂರ್ಣವಾಗುವುದಿಲ್ಲ. 288 ಮತ್ತು 289ನೆಯ ಸ್ಥಾನಗಳ ಎರಡು ಆರ್ಜಿನೀನುಗಳು ನೆರೆಯ ಘಟಕದಿಂದ ಚಾಚಿಕೊಂಡು ಬಂದು ಅದನ್ನು ಮುಚ್ಚಬೇಕು. ನೆರೆಯವನ ಸಹಾಯವಿಲ್ಲದೆ ಯಾವ ಘಟಕವೂ ತನ್ನ ಎಟಿಪಿಯನ್ನು ಒಡೆಯಲಾರದು. ಎಟಿಪಿ ಒಡೆದೊಡನೆ ನೆರೆಯೊಡನಿರುವ ಬೆಸುಗೆಯೂ ಸಡಿಲುತ್ತದೆ. ಷಟ್ಕದಲ್ಲಿ ಶಕ್ತಿಯೂ ಚಲನೆಯೂ ಬೆಸೆದುಕೊಂಡಿರುವ ಸಂಧಿಸ್ಥಾನ ಇದು.

ಸ್ಫಟಿಕಗಳು ಒಂದು ಘಟಕದ ರೂಪವನ್ನು ಸ್ಪಷ್ಟವಾಗಿ ತೋರಿಸಿದರೂ, ಘಟಕಗಳು ಕೂಡಿದ ರೂಪದ ವಿಷಯದಲ್ಲಿ ವರ್ಷಗಳ ಕಾಲ ಏಕಾಭಿಪ್ರಾಯವಿರಲಿಲ್ಲ. ಮೊದಲ ಅಳತೆಗಳು ಹತ್ತು ಘಟಕಗಳೆಂದವು. ಬಳಿಕ, ಒಂದರ ಮೇಲೊಂದು ಕುಳಿತ ಎರಡು ಉಂಗುರಗಳಲ್ಲಿ ಹನ್ನೆರಡು ಎಂದರು. ಸೂಕ್ಷ್ಮದರ್ಶಕದ ಅಂದಿನ ಚಿತ್ರಗಳು ಸ್ಫುಟವಾಗಿರಲಿಲ್ಲ. ಅವನ್ನು ಸಂಸ್ಕರಿಸುವಾಗ ಸಮಪಾರ್ಶ್ವತೆಯನ್ನು ಮೊದಲೇ ಅಂಗೀಕರಿಸುವುದು ರೂಢಿಯಾಗಿತ್ತು. ಆರು ಘಟಕಗಳೂ ಒಂದೇ ಬಗೆಯವೆಂದು ಭಾವಿಸಿ ಸರಾಸರಿ ತೆಗೆದರೆ, ಅವುಗಳ ನಡುವಣ ವ್ಯತ್ಯಾಸವು ಸರಾಸರಿಯಲ್ಲಿಯೇ ಅಳಿಸಿಹೋಗುತ್ತದೆ. ಕ್ರಿಯಾಶೀಲ ರೂಪವು ಒಂದೇ ಷಟ್ಕವೆಂಬುದು 2014ರಲ್ಲಿ ಯೂಟದ ಕ್ರಿಸ್ಟಫರ್ ಹಿಲ್ ಅವರ ತಂಡದ ಪ್ರಯೋಗಗಳಿಂದ ಇತ್ಯರ್ಥವಾಯಿತು. ಆದರೆ ಈ ಷಟ್ಕವು ದ್ರಾವಣದಲ್ಲಿ ಬಹಳ ಅಸ್ಥಿರ, ಬಹುಬೇಗ ಬಿಡಿಯಾಗಿಬಿಡುತ್ತದೆ. ಆದುದರಿಂದ ಸಂಶೋಧಕರು ಎಂಐಟಿ ಖಂಡವನ್ನೂ ಕೊಂಡಿಯ ಬಹುಭಾಗವನ್ನೂ ತೆಗೆದು, ಆ ಜಾಗದಲ್ಲಿ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯದಿಂದ ತಂದ, ಸ್ವಭಾವತಃ ಆರರ ಉಂಗುರವಾಗುವ ಎಚ್‌ಸಿಪಿ1 ಎಂಬ ಪ್ರೋಟೀನನ್ನು ಬೆಸೆದರು.

2017ರಲ್ಲಿ ಹಿಲ್, ಸಂಡ್‌ಕ್ವಿಸ್ಟ್ ಮತ್ತು ಪೀಟರ್ ಷೆನ್ ಅವರ ತಂಡಗಳು ಕೂಡಿ, ಹೀಗೆ ಸ್ಥಿರಗೊಳಿಸಿದ ವಿಪಿಎಸ್4ಗೆ, ವಿಪಿಎಸ್2ರಿಂದ ಆಯ್ದ ಎಂಟು ಅಮೈನೋ ಆಮ್ಲಗಳ ತುಣುಕನ್ನೂ ಎಟಿಪಿಯನ್ನು ಹೋಲುವ, ಆದರೆ ಒಡೆಯದ ಸಂಯುಕ್ತವನ್ನೂ ಸೇರಿಸಿ, ಅತಿಶೀತದಲ್ಲಿ ಹೆಪ್ಪುಗಟ್ಟಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ 4.3 ಆಂಗ್‌ಸ್ಟ್ರಾಂ ಸೂಕ್ಷ್ಮತೆಯ ಚಿತ್ರವನ್ನು ಪಡೆದವು. ಈ ಬಾರಿ ಸಮಪಾರ್ಶ್ವತೆಯನ್ನು ಅಂಗೀಕರಿಸಿರಲಿಲ್ಲ. ಕಂಡದ್ದು ಇಷ್ಟು: ಐದು ಘಟಕಗಳು, ಒಂದಕ್ಕಿಂತ ಇನ್ನೊಂದು 60 ಡಿಗ್ರಿ ತಿರುಗಿ, 6.3 ಆಂಗ್‌ಸ್ಟ್ರಾಂನಷ್ಟು ಮೇಲೇರಿ, ಬಲಗೈ ಸುರುಳಿಯಾಗಿ ನಿಂತಿವೆ. ಆರನೆಯ ಘಟಕವು ಸುರುಳಿಯ ಕೆಳತುದಿಗೂ ಮೇಲ್ತುದಿಗೂ ನಡುವೆ, ಎರಡಕ್ಕೂ ಪೂರ್ಣವಾಗಿ ಸೇರದೆ, ಅಕ್ಷದಿಂದ ಹೊರಕ್ಕೆ ಸರಿದಿದೆ. ಅಕ್ಷದ ರಂಧ್ರದಲ್ಲಿ ವಿಪಿಎಸ್2ರ ತುಣುಕು ನೀಳವಾಗಿ ಚಾಚಿಕೊಂಡಿದೆ. ಪ್ರತಿಯೊಂದು ಘಟಕದಿಂದಲೂ ರಂಧ್ರದೊಳಕ್ಕೆ ಚಾಚಿರುವ ಕುಣಿಕೆಯಲ್ಲಿ 206ನೆಯ ಟ್ರಿಪ್ಟೊಫಾನೂ 207ನೆಯ ಮೆಥಿಯೊನೀನೂ ಇದ್ದು, ನೆರೆಹೊರೆಯ ಎರಡು ಕುಣಿಕೆಗಳ ಟ್ರಿಪ್ಟೊಫಾನುಗಳ ನಡುವೆ ತುಣುಕಿನ ಅಮೈನೋ ಆಮ್ಲಗಳು ಸಿಲುಕಿಕೊಳ್ಳುತ್ತವೆ. ಅದೇ ವರ್ಷ ಚೀನದ ಸಂಶೋಧಕರೂ ಮಿಷಿಗನ್‌ನವರೂ ಎಚ್‌ಸಿಪಿ1ರ ನೆರವಿಲ್ಲದೆ ಪಡೆದ ಚಿತ್ರಗಳಲ್ಲಿಯೂ ಷಟ್ಕವು ಅಸಮವಾಗಿಯೇ ಇತ್ತು. ನನ್ನ ದೃಷ್ಟಿಯಲ್ಲಿ ಈ ಸಾಕ್ಷ್ಯದ ಬಲವು ದ್ವಿಗುಣವಾದದ್ದು: ಸಮಪಾರ್ಶ್ವವಾದ ಎಚ್‌ಸಿಪಿ1 ಉಂಗುರಕ್ಕೆ ಕಟ್ಟಿಹಾಕಿದರೂ ವಿಪಿಎಸ್4 ತನ್ನ ಸುರುಳಿಯನ್ನು ಬಿಡಲಿಲ್ಲ, ಆ ಕಟ್ಟನ್ನು ಬಿಚ್ಚಿದರೂ ಬಿಡಲಿಲ್ಲ.

ಅನಂತರ ಬಂದ, ಇನ್ನೂ ಸ್ಪಷ್ಟವಾದ ಚಿತ್ರಗಳು ಹಿಡಿತದ ವಿವರವನ್ನು ತಿಳಿಸಿದವು. ರಂಧ್ರದಲ್ಲಿರುವ ಸರಪಣಿಯು ಬೀಟಾ ಎಳೆಯ ರೂಪವನ್ನು ತಾಳಿರುತ್ತದೆ. ಪ್ರೋಟೀನಿನ ಬೆನ್ನೆಲುಬು ಯಾವ ಯಾವ ಕೋನಗಳಲ್ಲಿ ತಿರುಗಬಹುದೆಂಬುದನ್ನು 1963ರಲ್ಲಿ ಮದರಾಸಿನಲ್ಲಿ ಲೆಕ್ಕಹಾಕಿ ನಕ್ಷೆಯಾಗಿ ಕೊಟ್ಟವರು, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲೆಸಿದ ಜಿ. ಎನ್. ರಾಮಚಂದ್ರನ್ ಅವರೂ ಅವರ ಸಹೋದ್ಯೋಗಿಗಳೂ. ಆ ನಕ್ಷೆಯಲ್ಲಿ ಬೀಟಾ ಎಳೆಗೆ ಅನುಮತಿಯಿರುವ ಪ್ರದೇಶದಲ್ಲಿಯೇ ಈ ಸರಪಣಿಯೂ ಇದೆ. ಬೀಟಾ ಎಳೆಯಲ್ಲಿ ಅಕ್ಕಪಕ್ಕದ ಅಮೈನೋ ಆಮ್ಲಗಳು ವಿರುದ್ಧ ದಿಕ್ಕುಗಳಿಗೆ ಮುಖಮಾಡುತ್ತವೆ. ಎರಡೆರಡು ಅಮೈನೋ ಆಮ್ಲಗಳ ಜೋಡಿಯೊಂದು ಸರಿಸುಮಾರು 6.3 ಆಂಗ್‌ಸ್ಟ್ರಾಂ ಉದ್ದವಿದೆ. ಷಟ್ಕದ ಮೆಟ್ಟಿಲಿನ ಎತ್ತರವೂ ಅಷ್ಟೇ. ಆದುದರಿಂದ ಒಂದೊಂದು ಘಟಕಕ್ಕೆ ಒಂದೊಂದು ಜೋಡಿ ಎಂಬ ಕ್ರಮವು ರಂಧ್ರದ ಉದ್ದಕ್ಕೂ ಪುನರಾವರ್ತಿಸುತ್ತದೆ. ಆ ಜೋಡಿಗಳು ಕೂರುವ ಗೂಡುಗಳು ಸಾಕಷ್ಟು ವಿಶಾಲವಾಗಿರುವುದರಿಂದ, ಹೆಚ್ಚುಕಡಿಮೆ ಯಾವ ಅಮೈನೋ ಆಮ್ಲವಾದರೂ ಅವುಗಳಲ್ಲಿ ಹಿಡಿಯುತ್ತದೆ. ಆರಿಸುವ ಕೆಲಸವನ್ನು ಎಂಐಟಿ ಖಂಡಕ್ಕೆ ಬಿಟ್ಟು, ಎಳೆಯುವ ಕೆಲಸದಲ್ಲಿ ಭೇದವೆಣಿಸದಿರುವುದು ಈ ಯಂತ್ರದ ವೈಶಿಷ್ಟ್ಯ.

ಈ ಸ್ಥಿರಚಿತ್ರದಿಂದ ಚಲನೆಯನ್ನು ಊಹಿಸುವುದು ಕಷ್ಟವಲ್ಲ. ಸುರುಳಿಯ ಮೇಲ್ತುದಿಯ ಘಟಕಗಳು ಎಟಿಪಿಯನ್ನು ಹಿಡಿದುಕೊಂಡು ನೆರೆಯೊಡನೆ ಬಿಗಿಯಾಗಿರುತ್ತವೆ. ಕೆಳತುದಿಯನ್ನು ಸಮೀಪಿಸಿದಂತೆ ಎಟಿಪಿ ಒಡೆಯುತ್ತದೆ, ಬೆಸುಗೆ ಸಡಿಲುತ್ತದೆ, ತುದಿಯ ಘಟಕವು ಸರಪಣಿಯನ್ನು ಬಿಟ್ಟು ಹೊರಸರಿಯುತ್ತದೆ. ಅಲ್ಲಿ ಅದು ಒಡೆದ ಎಟಿಪಿಯ ಶೇಷವನ್ನು ತೊರೆದು, ಹೊಸ ಎಟಿಪಿಯನ್ನು ಪಡೆದು, ಸುರುಳಿಯ ಮೇಲ್ತುದಿಗೆ ಸೇರಿ, ಸರಪಣಿಯ ಮುಂದಿನ ಜೋಡಿಯನ್ನು ಹಿಡಿಯುತ್ತದೆ. ಬಾವಿಯಿಂದ ಕೊಡವನ್ನು ಸೇದುವವರು ಒಂದು ಕೈಯಲ್ಲಿ ಹಗ್ಗವನ್ನು ಬಿಗಿಹಿಡಿದಿರುವಾಗಲೇ ಇನ್ನೊಂದು ಕೈಯನ್ನು ಸಡಿಲಿಸಿ ಮುಂದಕ್ಕೆ ಚಾಚಿ ಹಿಡಿಯುವಂತೆ, ಇಲ್ಲಿ ಐದು ಘಟಕಗಳ ಹಿಡಿತ ತಪ್ಪದಿರುವಾಗ ಆರನೆಯದು ಸ್ಥಾನ ಬದಲಿಸುತ್ತದೆ. ಆರೂ ಒಂದೇ ಕಾಲಕ್ಕೆ ಹಿಡಿದು ಒಂದೇ ಕಾಲಕ್ಕೆ ಬಿಡುವ ಸಮಪಾರ್ಶ್ವ ಯಂತ್ರವಾಗಿದ್ದಲ್ಲಿ ಎಳೆದ ಸರಪಣಿಯು ಪ್ರತಿ ಸಲವೂ ಹಿಂದಕ್ಕೆ ಜಾರಬಹುದಾಗಿತ್ತು. ಹೀಗೆ ರಂಧ್ರದ ಮೂಲಕ ಎಳೆಯಲ್ಪಟ್ಟ ಎಸ್ಕರ್ಟ್-3 ಘಟಕವು ತನ್ನ ಮಡಿಕೆಗಳನ್ನು ಸಂಪೂರ್ಣವಾಗಿ ಕಳೆದುಕೊಂಡು ತಂತುವಿನಿಂದ ಹೊರಬರುತ್ತದೆಂಬುದನ್ನು ಜೇಮ್ಸ್ ಹರ್ಲಿ ಅವರ ತಂಡವು 2015ರಲ್ಲಿಯೇ ಪ್ರಯೋಗದಿಂದ ತೋರಿಸಿತ್ತು. ಸರಪಣಿಯ ಎರಡು ತುದಿಗಳನ್ನೂ ಬೆಸೆದು ಬಳೆಯಾಗಿಸಿದ ತುಣುಕುಗಳನ್ನು ಕೊಟ್ಟು ನೋಡಿದಾಗ, ಈ ರಂಧ್ರದಲ್ಲಿ ಎರಡು ಎಳೆಗಳಿಗೂ ಸ್ಥಳವಿದೆಯೆಂಬುದು 2019ರಲ್ಲಿ ಕಂಡುಬಂದಿತು. ಸರಪಣಿಯ ತುದಿಯೇ ಮೊದಲು ಸಿಗಬೇಕೆಂಬ ನಿರ್ಬಂಧ ಈ ಯಂತ್ರಕ್ಕಿಲ್ಲವೆಂದು ಅದರಿಂದ ತರ್ಕಿಸಬಹುದಾಗಿದೆ.

ವಿಟಿಎ1 ಎಂಬ ಸಹಾಯಕ ಪ್ರೋಟೀನನ್ನು ಇಲ್ಲಿ ಸಂಕ್ಷೇಪವಾಗಿ ಹೆಸರಿಸಬೇಕು. ಅದರ ಅಂತ್ಯಖಂಡಗಳು ಎರಡೆರಡಾಗಿ ಜೋಡಿಗೊಂಡು, ವಿಪಿಎಸ್4ರ ನೆರೆಹೊರೆಯ ಎರಡು ಘಟಕಗಳ ಬೀಟಾ ಖಂಡಗಳನ್ನು ಹೊರಗಿನಿಂದ ಹಿಡಿದು ಷಟ್ಕವನ್ನು ಸ್ಥಿರಗೊಳಿಸುತ್ತವೆ. ಎಟಿಪಿ-ಭೇದನದ ವೇಗವೂ ಇದರಿಂದ ಹೆಚ್ಚುತ್ತದೆ. ಇದಕ್ಕೆ ಪ್ರತಿಯಾಗಿ, ಐಎಸ್‌ಟಿ1 ಎಂಬುದು ವಿಪಿಎಸ್4ರ ನೇಮಕವನ್ನೂ ಜೋಡಣೆಯನ್ನೂ ನಿಯಂತ್ರಿಸುತ್ತದೆ.

ಯೀಸ್ಟಿನ ಈ ಪ್ರೋಟೀನಿಗೆ ಮಾನವನಲ್ಲಿ ಎರಡು ಸಮಾನರೂಪಗಳಿವೆ: ವಿಪಿಎಸ್4ಎ ಮತ್ತು ವಿಪಿಎಸ್4ಬಿ. ಅವು ಯೀಸ್ಟಿನದರೊಡನೆ ಅಮೈನೋ ಆಮ್ಲಗಳ ಅನುಕ್ರಮದಲ್ಲಿ ಶೇಕಡ ಸುಮಾರು 60ರಷ್ಟು ಅಭಿನ್ನ. ಯೀಸ್ಟಿಗೂ ಮಾನವನಿಗೂ ಮೂಲವಾದ ಕೋಶಗಳಿಗಿಂತಲೂ ಇದರ ವಂಶ ಹಿಂದಿನದೆಂಬುದಕ್ಕೆ ಸಾಕ್ಷಿ ಆರ್ಕಿಯ ವರ್ಗದ ಸಲ್ಫೊಲೋಬಸ್ ಎಂಬ ಏಕಕೋಶಿ. ಬಹಳ ಬಿಸಿಯಾದ ಆಮ್ಲೀಯ ಬುಗ್ಗೆಗಳಲ್ಲಿ ಬದುಕುವ ಈ ಜೀವಿಯು ಇಬ್ಭಾಗವಾಗುವಾಗ ಎಸ್ಕರ್ಟ್-3 ಮತ್ತು ವಿಪಿಎಸ್4ಗಳ ಬಂಧುಗಳನ್ನೇ ಬಳಸುತ್ತದೆಂದು 2008ರಲ್ಲಿ ಎರಡು ತಂಡಗಳು ವರದಿಮಾಡಿದವು. ಮಾನವನ ಕೋಶಗಳು ವಿಭಾಗವಾಗಿ ಕೊನೆಯ ಕೊಂಡಿಯನ್ನು ಕಡಿದುಕೊಳ್ಳುವುದಕ್ಕೂ, ಹೊರಪೊರೆಯ ಗಾಯವನ್ನು ಮುಚ್ಚುವುದಕ್ಕೂ ಈ ಯಂತ್ರವೇ ಬೇಕು. ಏಡ್ಸ್ ರೋಗದ ವೈರಸ್ಸು ತಾನು ಬೆಳೆದ ಕೋಶದಿಂದ ಬೇರ್ಪಡುವುದಕ್ಕೆ ಇದನ್ನೇ ಕದ್ದು ಬಳಸುತ್ತದೆ. ಜಲವಿಭಜನೆ ಮಾಡಲಾರದಂತೆ ಮಾರ್ಪಡಿಸಿದ ವಿಪಿಎಸ್4 ಇರುವ ಕೋಶಗಳಲ್ಲಿ ವೈರಸ್ಸಿನ ಕಣಗಳು ಪೊರೆಯಿಂದ ಬಿಡಿಸಿಕೊಳ್ಳಲಾರದೆ ನಿಂತುಬಿಡುತ್ತವೆಂದು ಸಂಡ್‌ಕ್ವಿಸ್ಟ್ ಮತ್ತು ಅವರ ಸಹೋದ್ಯೋಗಿಗಳು 2001ರಲ್ಲಿ ತೋರಿಸಿದರು. ಎಸ್ಕರ್ಟ್ ಮಾರ್ಗದ ಶೋಧಕ್ಕಾಗಿ ಎಮ್ರ್ ಅವರಿಗೆ 2021ರ ಷಾ ಪಾರಿತೋಷಕ ಸಂದಿತು.

ವಿಪಿಎಸ್4 ಜೀನನ್ನು ಪೂರ್ತಿಯಾಗಿ ಕಳೆದುಕೊಂಡರೂ ಯೀಸ್ಟು ಸಾಯುವುದಿಲ್ಲ. ವಿಂಗಡಣೆ ಕೆಟ್ಟರೂ ಅದು ಬದುಕುತ್ತದೆ, ಹೆಚ್ಚಿನ ಉಷ್ಣತೆಯಲ್ಲಿ ಮಾತ್ರ ಬೆಳೆಯಲಾರದು. ಸಂಶೋಧಕರಿಗೆ ಈ ಪ್ರೋಟೀನನ್ನು ಕೆಡಿಸಿ, ತಿದ್ದಿ, ಮತ್ತೆ ಕೆಡಿಸಿ ಪರೀಕ್ಷಿಸುವ ಸ್ವಾತಂತ್ರ್ಯ ದೊರೆತದ್ದು ಈ ಸಹಿಷ್ಣುತೆಯಿಂದಲೇ. ಮಾನವನ ಶರೀರಕ್ಕೆ ಅಂಥ ಸಹಿಷ್ಣುತೆಯಿಲ್ಲ. ವಿಪಿಎಸ್4ಎ ಜೀನಿನ ಒಂದು ಪ್ರತಿಯಲ್ಲಿ, ಎಟಿಪಿ-ಭೇದಕ ಭಾಗದ ಒಂದೇ ಅಮೈನೋ ಆಮ್ಲ ಬದಲಾದರೂ, ಮಿದುಳಿನ ಬೆಳವಣಿಗೆಯ ನ್ಯೂನತೆಗಳೂ ರಕ್ತಹೀನತೆಯೂ ಕೂಡಿದ ರೋಗವುಂಟಾಗುವುದನ್ನು ವೈದ್ಯರು 2020ರಲ್ಲಿ ವರದಿಮಾಡಿದರು. ಅದೇ ಸುಮಾರಿನಲ್ಲಿ ಕ್ಯಾನ್ಸರ್ ಸಂಶೋಧನೆಯಿಂದ ಇನ್ನೊಂದು ವಿಷಯ ತಿಳಿಯಿತು. ವಿಪಿಎಸ್4ಬಿ ಜೀನು ಇರುವುದು 18ನೆಯ ವರ್ಣತಂತುವಿನ ಉದ್ದಬಾಹುವಿನಲ್ಲಿ. ದೊಡ್ಡ ಕರುಳಿನ ಮತ್ತು ಮೇದೋಜೀರಕ ಗ್ರಂಥಿಯ ಅನೇಕ ಕ್ಯಾನ್ಸರುಗಳಲ್ಲಿ ಆ ಬಾಹುವಿನ ತುಂಡೊಂದು ಕಳೆದುಹೋಗಿರುತ್ತದೆ. ಅಂಥ ಕೋಶಗಳು ಉಳಿದ ವಿಪಿಎಸ್4ಎಯನ್ನೇ ನಂಬಿರುವುದರಿಂದ, ಅದನ್ನು ತಡೆದಾಗ ಅವು ಸಾಯುತ್ತವೆ, ಎರಡೂ ಜೀನುಗಳಿರುವ ಕೋಶಗಳು ಉಳಿಯುತ್ತವೆ. ವಿಪಿಎಸ್4ಎಗೆ ಹೊಂದುವ ಪ್ರತಿಬಂಧಕ ಔಷಧಿಯನ್ನು ರೂಪಿಸಬೇಕೆಂಬ ಪ್ರಯತ್ನಕ್ಕೆ ಇದೇ ಪ್ರೇರಣೆ.